ಅಪ್ಪನ ಚೆಸ್ಸಿಗೆ ಒಂದು ಪವರ್ ಸಪ್ಲೈ

ಏನೂ ಗೊತ್ತಿಲ್ಲದವಳ ಹಾಗೆ ನಟಿಸುವುದಕ್ಕೆ ಅವಳಿಗೆ ಸಂಬಳ ಬರುತ್ತಿತ್ತು.

ಅವಳ ಪತ್ರಿಕೆ ಕಂಪ್ಯೂಟರ್ ಸಾಮಾನುಗಳನ್ನು ಪರೀಕ್ಷೆ ಮಾಡಿ, ಯಾವುದನ್ನು ಕೊಳ್ಳಬಹುದು, ಯಾವುದಕ್ಕೆ ದೂರದಿಂದಲೇ ಕೈ ಮುಗಿಯಬೇಕು ಎಂದು ಓದುಗರಿಗೆ ಹೇಳುತ್ತಿತ್ತು. ಕಂಪನಿಗಳು ಕಳಿಸುವ ಸ್ಯಾಂಪಲ್ಲನ್ನು ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅವರು ಆರಿಸಿ ಆರಿಸಿ ಒಳ್ಳೆಯದನ್ನೇ ಕಳಿಸುತ್ತಾರೆ ಎನ್ನುವುದು ಸಂಪಾದಕಿ ಮೇಡಂ ವಾದ. ಆದ್ದರಿಂದ ಪರೀಕ್ಷೆ ಮಾಡುವವರೇ ಮಾಮೂಲಿ ಗಿರಾಕಿಗಳಂತೆ ಅಂಗಡಿಗೆ ಹೋಗಿ, ಪೆದ್ದುಪೆದ್ದಾಗಿ ಪ್ರಶ್ನೆ ಕೇಳಿ, ಕಪಾಟಿನಲ್ಲಿದ್ದದ್ದನ್ನು ಕೊಂಡು ತರಬೇಕು. ಯಾರು ಎಂದು ಮಾತ್ರ ಗೊತ್ತಾಗಕೂಡದು.

ಆಫೀಸಿನಲ್ಲಿ ಅವಳನ್ನು ಬೆಂಕಿಪೊಟ್ಟಣ ಎಂದು ಕರೆಯುತ್ತಿದ್ದರು. ಅವಳ ಟೇಬಲ್ಲಿನ ಮೇಲೆ ಸುಟ್ಟು ಹೋದ ಪವರ್ ಸಪ್ಲೈಗಳು ಅಷ್ಟಿದ್ದವು. ಇನ್ನೊಂದು ಕಾರಣ, ಅವಳಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಕೂತರೆ ಬಲಗಾಲು ತಾನಾಗಿಯೇ ಅಲ್ಲಾಡಲು ಶುರುಮಾಡುತ್ತಿತ್ತು. ಅಮ್ಮ ಚಿಕ್ಕಂದಿನಿಂದ ಬೈದು ಬೈದು ಸೋತಿದ್ದಳು.

ಈ ಸಲ ಅವಳ ಪಾಲಿಗೆ ಬಂದದ್ದು ಮಾರುಕಟ್ಟೆಯಲ್ಲೇ ಅತಿ ಅಗ್ಗದ ಪವರ್ ಸಪ್ಲೈ. ಕರೆಂಟನ್ನು ತೆಗೆದುಕೊಂಡು ಇಡೀ ಕಂಪ್ಯೂಟರಿಗೆ ಹಂಚುವ ತಗಡಿನ ಡಬ್ಬಿ. ಅದನ್ನು ಹುಡುಕಿಕೊಂಡು ಅವಳು ಕಂಪ್ಯೂಟರ್ ಅಂಗಡಿಗಳ ಬೀದಿಯಲ್ಲಿ, ಮೆಟ್ಟಿಲ ಕೆಳಗೆ ಸಿಕ್ಕಿಸಿದಂತಿದ್ದ ಒಂದು ಅಂಗಡಿಗೆ ಹೋದಳು. ಗಲ್ಲಾದಲ್ಲಿ ಕೂದಲು ನರೆಯತೊಡಗಿದ್ದ ಹೆಂಗಸೊಬ್ಬಳು. ಅವಳ ಹಿಂದೆ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಯಾವುದೋ ಕಂಪ್ಯೂಟರಿನ ಹೊಟ್ಟೆಯೊಳಗೆ ತಲೆ ಹಾಕಿದ್ದ ಅವಳ ತಮ್ಮ.

“ನಮ್ಮಪ್ಪನ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತೆ,” ಎಂದಳು ಅವಳು, ತಯಾರು ಮಾಡಿಕೊಂಡು ಬಂದಿದ್ದ ದನಿಯಲ್ಲಿ. “ಯಾರೋ ಪವರ್ ಸಪ್ಲೈ ಬದಲಾಯಿಸಿ ಅಂದ್ರು. ಅಂದ್ರೆ ಅದು ಸ್ವಿಚ್ಚಾ?”

ಅವನು ತಲೆ ಎತ್ತಿದ. ಬಾಯಿಂದ ಸ್ಕ್ರೂ ತೆಗೆದ. ನಗುತ್ತಾನೆ ಎಂದುಕೊಂಡಿದ್ದಳು, ನಗಲಿಲ್ಲ.

“ಯಾವಾಗ ಆಫ್ ಆಗುತ್ತೆ?”

ಇಂಥ ಪ್ರಶ್ನೆಗೆ ಅವಳು ತಯಾರಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು. “ಅಪ್ಪ ಕಂಪ್ಯೂಟರ್ ಜೊತೆ ಚೆಸ್ ಆಡ್ತಾರೆ. ಸರಿಯಾಗಿ ಗೆಲ್ಲೋ ಹೊತ್ತಿಗೆ ಆಫ್ ಆಗುತ್ತೆ. ಕಂಪ್ಯೂಟರ್ ಬೇಕಂತಲೇ ಮೋಸ ಮಾಡ್ತಿದೆ ಅಂತ ಎರಡು ದಿನದಿಂದ ಅದರ ಜೊತೆ ಮಾತು ಬಿಟ್ಟಿದ್ದಾರೆ.”

ಗಲ್ಲಾದ ಅಕ್ಕ ಕಿಸಕ್ಕನೆ ನಕ್ಕಳು. ಅವನು ಆಗಲೂ ನಗಲಿಲ್ಲ. ಅವನ ಮುಖದಲ್ಲಿ ನಿಜವಾದ ಸಂಕಟ ಕಾಣಿಸಿತು. ಕಾಣದ ಮುದುಕರೊಬ್ಬರು ಗೆಲ್ಲುವ ಆಟವನ್ನು ಕಳೆದುಕೊಂಡದ್ದಕ್ಕೆ ಈ ಮನುಷ್ಯನಿಗೆ ಬೇಜಾರಾಗುತ್ತಿತ್ತು. ಅವಳ ಕಾಲು ಗಲ್ಲಾದ ಕೆಳಗೆ ಅಲ್ಲಾಡತೊಡಗಿತು.

ಅವನು ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟಿದ್ದ, ವಯರು ಜೋತುಬಿದ್ದ ಖಾಲಿ ಡಬ್ಬಿಯೊಂದನ್ನು ಮುಂದಿಟ್ಟು ವಿವರಿಸಿದ. “ಕಡಿಮೆ ಬೆಲೆಗೆ ಬೇಕು ಅಂದ್ರೆ ಇದು. ನಾನ್-ಮಾಡ್ಯುಲರ್. ಅಂದ್ರೆ ಈ ವಯರೆಲ್ಲಾ ಇದಕ್ಕೆ ಅಂಟಿಕೊಂಡೇ ಬರುತ್ತೆ. ಬೇಕಾದ್ದು ಇಟ್ಕೊಂಡು ಬೇಡದ್ದು ಬಿಚ್ಚಿಡ್ತೀನಿ ಅನ್ನೋ ಹಾಗಿಲ್ಲ.”

“ಮದುವೆ ಇದ್ದ ಹಾಗೆ,” ಎಂದಳು ಅಕ್ಕ, ತಲೆ ಎತ್ತದೆ. “ಗಂಡನ ಜೊತೆ ಅತ್ತೆ, ನಾದಿನಿ ಎಲ್ಲಾ ಸೇರಿಸೇ ಕೊಡ್ತಾರೆ.”

“ಅಕ್ಕ, ನೀನು ಸುಮ್ನಿರು.” ಅವನ ಕಿವಿ ಕೆಂಪಾದವು. “ಚೆಸ್ಸಿಗೆ, ಲೆಕ್ಕಪತ್ರಕ್ಕೆ ಇದು ಸಾಕು ಮೇಡಂ. ಡಬ್ಬಿ ಮೇಲೆ ಐನೂರು ವ್ಯಾಟ್ ಅಂತ ಬರೆದಿದೆ, ಅದನ್ನ ನಂಬ್ಕೊಂಡು ಭಾರ ಹಾಕಬೇಡಿ. ದೊಡ್ಡ ದೊಡ್ಡ ಗೇಮ್ ಆಡೋರಿಗೆ ನಾನು ಇದನ್ನ ಕೊಡೋದೇ ಇಲ್ಲ.”

ಸರಿಯಾಗಿಯೇ ಹೇಳುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಅಂಕ ಕೊಟ್ಟಳು. ಇಷ್ಟು ಹೊತ್ತು ಅವನ ಕೈಯನ್ನೇ ನೋಡುತ್ತಿದ್ದೆ ಎನ್ನುವುದು ಆಮೇಲೆ ಗೊತ್ತಾಯಿತು. ಉದ್ದ ಬೆರಳುಗಳು, ಹೆಬ್ಬೆರಳಿನ ಮೇಲೆ ಬೆಸುಗೆ ತಾಗಿದ ಹಳೆಯ ಕಲೆ. ಅಂಥದೇ ಕಲೆ ಅವಳ ಬೆರಳಿನ ಮೇಲೂ ಇತ್ತು. ತಟ್ಟನೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ಹಾಗಾದ್ರೆ ಇದನ್ನೇ ಕೊಡಿ.”

“ಈಗ...” ಅವನು ಒಂದು ಕ್ಷಣ ತಡೆದ. “ಈಗ ಸ್ಟಾಕಿಲ್ಲ. ನಾಳೆ ಬರ್ತೀರಾ?”

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ತಮ್ಮ ಅವಳ ಕಡೆ ನೋಡಿದ. ಅಕ್ಕ ಬಾಯಿ ಮುಚ್ಚಿಕೊಂಡು, ತುಂಬ ಆಸಕ್ತಿಯಿಂದ ಪೆನ್ನಿನ ಕ್ಯಾಪನ್ನು ಪರೀಕ್ಷಿಸತೊಡಗಿದಳು.

ಮಾರನೆಯ ದಿನ ಡಬ್ಬಿ ಸಿದ್ಧವಾಗಿತ್ತು. ಅವಳು ಅದನ್ನು ಎತ್ತಿಕೊಂಡು ಹೊರಡುವುದನ್ನು ಬಿಟ್ಟು, ಯಾವ ವಯರನ್ನು ಎಲ್ಲಿಗೆ ಚುಚ್ಚಬೇಕು ಎಂದು ಕೇಳಿದಳು. ಅವನು ತೋರಿಸಿದ. ಸ್ಕ್ರೂಡ್ರೈವರ್ ಯಾವುದು ಎಂದು ಕೇಳಿದಳು. ಅದನ್ನೂ ತೋರಿಸಿದ. ಹೀಗೆ ಕೇಳುವುದು ಕೆಲಸದ ಭಾಗವೇ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಕೆಲಸದ ಭಾಗವೇನೋ ಹೌದು, ಆದರೆ ಕೆಲಸಕ್ಕೆ ಹೊಸ ಕುರ್ತಾ ಹಾಕಿಕೊಂಡು ಹೋಗುವ ಅಭ್ಯಾಸ ಅವಳಿಗೆ ಇರಲಿಲ್ಲ.

ಹೊಸ ಡಬ್ಬಿ ಬಂದ ಕೂಡಲೇ ಸ್ಕ್ರೂ ಮೇಲಿನ ವಾರಂಟಿ ಸ್ಟಿಕ್ಕರ್ ಅಖಂಡವಾಗಿದೆಯೇ ಎಂದು ನೋಡಿ ಫೋಟೋ ತೆಗೆಯುವುದು ಪರೀಕ್ಷೆಯ ಮೊದಲ ಪಾಠ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳೇ ಅವಳು. ಆ ದಿನ ಅದನ್ನು ಮರೆತಳು. ಸೀದಾ ಪರೀಕ್ಷೆಯ ಯಂತ್ರಕ್ಕೆ ಜೋಡಿಸಿ, ಹೆಚ್ಚು ಹೆಚ್ಚು ಕರೆಂಟು ಎಳೆಸುತ್ತಾ ಭಾರ ಏರಿಸತೊಡಗಿದಳು.

ಅಗ್ಗದ ಡಬ್ಬಿ ಅವಳನ್ನು ಬೆರಗುಗೊಳಿಸಿತು. ಬಿಸಿ ಪೆಟ್ಟಿಗೆಯೊಳಗೆ ಇಟ್ಟು ಪೂರ್ತಿ ಭಾರ ಹಾಕಿದರೂ ಹನ್ನೆರಡು ವೋಲ್ಟಿನ ಗೆರೆ ಹೆಚ್ಚು ಬಾಗಲಿಲ್ಲ. ಫ್ಯಾನ್ ಗೊಣಗಲಿಲ್ಲ. ಕರೆಂಟಿನ ಏರಿಳಿತ ತೋರಿಸುವ ಸ್ಕೋಪಿನ ತೆರೆಯ ಮೇಲೆ ಅಲೆ ಮೆಲ್ಲಗೆ ಮಿಸುಕಿತು ಅಷ್ಟೆ. ಮೇಡಂ ಬಂದು ಇಣುಕಿ, “ಬಡವರ ಪಾಲಿಗೆ ಭಾಗ್ಯ ಅಂತ ಹೆಡ್ಡಿಂಗ್ ಕೊಡೋಣ,” ಎಂದು ಹೋದರು.

ಖುಷಿಯಾಗಬೇಕಿತ್ತು. ಅವಳಿಗೆ ಚಡಪಡಿಕೆಯಾಯಿತು. ಪರೀಕ್ಷೆ ಮುಗಿದುಹೋಗಿತ್ತು, ಆ ಅಂಗಡಿಗೆ ಹೋಗಲು ಇನ್ನು ನೆಪವಿರಲಿಲ್ಲ. ಕಿಟಕಿಯ ಹತ್ತಿರ ಹೋದಳು, ಬಂದಳು. ಟೀ ಮಾಡಿಕೊಂಡಳು, ಕುಡಿಯಲು ಮರೆತಳು. ಬರೆಯಲು ಕೂತರೆ ವಾಕ್ಯದ ನಡುವೆ ಆ ಹೆಬ್ಬೆರಳಿನ ಕಲೆ ಬಂದು ಕೂರುತ್ತಿತ್ತು. ಸಂಜೆಯಾಗುವುದರೊಳಗೆ ಕಾಲುಗಳು ಅವಳನ್ನು ಕೇಳದೆಯೇ ಮೆಟ್ಟಿಲ ಕೆಳಗಿನ ಅಂಗಡಿಗೆ ಕರೆದುಕೊಂಡು ಹೋದವು.

ಗಲ್ಲಾದ ಮೇಲೆ ಚೆಸ್ ಬೋರ್ಡ್ ಇತ್ತು. ಅವನು ಮೊಬೈಲ್ ನೋಡಿಕೊಂಡು ಕಾಯಿ ನಡೆಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತಾಗ ಅರ್ಧ ಸೈನ್ಯ ನೆಲಕ್ಕೆ ಬಿತ್ತು.

“ನೀವೂ ಆಡ್ತೀರಾ?” ಎಂದಳು.

“ಇಲ್ಲ. ಸುಮ್ನೆ.” ಕಾಯಿಗಳನ್ನು ಆರಿಸುತ್ತಾ, ಅವಳ ಕಡೆ ನೋಡದೆ ಕೇಳಿದ. “ನಿಮ್ಮಪ್ಪ ಮೊದಲು ಯಾವ ಕಾಯಿ ನಡೆಸ್ತಾರೆ?”

ಅವಳಿಗೆ ಚೆಸ್ಸಿನ ತಲೆಬುಡ ಗೊತ್ತಿರಲಿಲ್ಲ. “ಒಂಟೆ,” ಎಂದಳು, ಧೈರ್ಯವಾಗಿ.

“ಒಂಟೆ...” ಅವನು ಬೋರ್ಡನ್ನೂ ಅವಳನ್ನೂ ಒಮ್ಮೆ ನೋಡಿದ. ತುಟಿಯ ಮೂಲೆಯಲ್ಲಿ ಒಂದು ನಗೆ ಬಂದು ಹೋಯಿತು. “ದೊಡ್ಡ ಆಟಗಾರರೇ ಇರಬೇಕು.”

ಬಂದದ್ದಕ್ಕೆ ಏನಾದರೂ ಕೇಳಬೇಕಲ್ಲ. ಗೋಡೆಗೆ ನೇತು ಹಾಕಿದ್ದ ಒಂದು ಕೇಬಲ್ ಕಣ್ಣಿಗೆ ಬಿತ್ತು. “ಅದು ಬೇಕಿತ್ತು. ಪವರ್ ಸಪ್ಲೈಗೆ.”

ಅವನು ಕೇಬಲ್ಲನ್ನು ತೆಗೆದ. ಅದನ್ನು ನೋಡಿದ, ಅವಳನ್ನು ನೋಡಿದ. ಏನೂ ಹೇಳದೆ ನೀಟಾಗಿ ಸುತ್ತಿ ಕವರಿಗೆ ಹಾಕಿಕೊಟ್ಟ. ಕೊಡುವಾಗ ಕವರನ್ನು ಬಿಡಲು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡ. ಅವಳೂ ಎಳೆಯಲಿಲ್ಲ. ಅಕ್ಕ ಕೆಮ್ಮಿದಳು.

ಬಸ್ಸಿನಲ್ಲಿ ಕೂತು ಕವರ್ ಬಿಚ್ಚಿ ನೋಡಿದಾಗ ಅವಳ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅದು ಕಳಚಿ ಜೋಡಿಸುವ ಕೇಬಲ್. ಅವಳ ಡಬ್ಬಿಯದು ಅಂಟಿಕೊಂಡೇ ಬಂದ ವಯರುಗಳು, ಹೊಸದನ್ನು ಚುಚ್ಚಲು ಅದರಲ್ಲಿ ತೂತೇ ಇಲ್ಲ. ಎಷ್ಟೋ ವರ್ಷದಿಂದ ಪವರ್ ಸಪ್ಲೈ ಸುಡುತ್ತಾ ಬಂದ ಬೆಂಕಿಪೊಟ್ಟಣ ಇಂಥ ತಪ್ಪು ಮಾಡಿದ್ದಳು. ಅವನು ನೋಡಿಯೂ ಸುಮ್ಮನೆ ಕಟ್ಟಿಕೊಟ್ಟಿದ್ದನಲ್ಲ ಎನ್ನುವುದು ಆಮೇಲೆ ಹೊಳೆಯಿತು. ನಾಚಿಕೆಯೋ ಸಂತೋಷವೋ ತಿಳಿಯದೆ, ಇಳಿಯಬೇಕಾದ ಸ್ಟಾಪನ್ನು ಬಿಟ್ಟು ಮುಂದೆ ಹೋದಳು.

ಮರುದಿನ ಬೆಳಿಗ್ಗೆ ಒಳಭಾಗದ ಫೋಟೋಕ್ಕಾಗಿ ಡಬ್ಬಿಯನ್ನು ಬಿಚ್ಚಿದಳು. ಸ್ಟಿಕ್ಕರ್ ತುಂಬ ಸುಲಭವಾಗಿ ಎದ್ದು ಬಂತು. ಅದರ ಅಂಚಿನಲ್ಲಿ ಬ್ಲೇಡಿನಿಂದ ಎತ್ತಿ ಮತ್ತೆ ಅಂಟಿಸಿದ ಗೆರೆ ಇತ್ತು. ಟಾರ್ಚು ಹಿಡಿದು ಒಳಗೆ ನೋಡಿದಳು.

ಫ್ಯಾನ್ ಬೇರೆ ಕಂಪನಿಯದು, ಒಳ್ಳೆಯದು. ಅಲೆಯನ್ನು ಅಡಗಿಸುವ ಕೆಪಾಸಿಟರುಗಳಲ್ಲಿ ಎರಡು ಬೇರೆ ಬಣ್ಣದವು, ಅವೂ ಒಳ್ಳೆಯವೇ. ಬೆಸುಗೆ ಕಾರ್ಖಾನೆಯದಲ್ಲ. ಒಂದು ಕೈ ತಾಳ್ಮೆಯಿಂದ ಮಾಡಿದ, ಒರೆಸಿ ಶುಚಿ ಮಾಡಿದ ಬೆಸುಗೆ. ಆ ಕೈ ಯಾರದೆಂದು ಅವಳಿಗೆ ಗೊತ್ತಿತ್ತು.

ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು. “ನಿನ್ನನ್ನ ಗುರುತು ಹಿಡಿದಿದ್ದಾನೆ. ಪತ್ರಿಕೆಯೋಳು ಅಂತ ಗೊತ್ತಾಗಿ ಒಳ್ಳೆ ಮಾಲು ದಾಟಿಸಿ ನಮ್ಮ ಕಣ್ಣಿಗೆ ಮಣ್ಣೆರಚಿದ್ದಾನೆ.”

“ಮೇಡಂ, ಅವರಿಗೆ ನಾನ್ಯಾರು ಅಂತ ಗೊತ್ತಿರಲಿಲ್ಲ.”

“ಮತ್ಯಾಕೆ ಬಿಚ್ಚಿ ಸರಿ ಮಾಡ್ದ? ಪುಣ್ಯ ಬರ್ಲಿ ಅಂತಾನಾ? ಬೇರೆ ಅಂಗಡಿಯಿಂದ ಇನ್ನೊಂದು ತರಿಸಿ ಟೆಸ್ಟ್ ಮಾಡು. ಇವನ ಅಂಗಡಿ ಹೆಸರು ಹಾಕಿ ಬರಿ. ಓದೋರಿಗೆ ಇಂಥೋರ ಬಗ್ಗೆಯೂ ಗೊತ್ತಾಗಬೇಕು.”

ಎದುರು ಸಾಲಿನ ಅಂಗಡಿಯಿಂದ ತಂದ ಅದೇ ಡಬ್ಬಿ, ಅದೇ ಬಣ್ಣ. ಈ ಸಲ ಮೊದಲು ಸ್ಟಿಕ್ಕರಿನ ಫೋಟೋ ತೆಗೆದಳು. ಅರ್ಧ ಭಾರದವರೆಗೆ ಡಬ್ಬಿ ಸಾಧುವಾಗಿತ್ತು. ಆಮೇಲೆ ಫ್ಯಾನ್ ನೆಗಡಿ ಹಿಡಿದವರಂತೆ ಗೊರಗುಟ್ಟಿತು, ಸ್ಕೋಪಿನ ಮೇಲೆ ಅಲೆ ಎದ್ದಿತು, ವೋಲ್ಟು ಕುಸಿಯಿತು. ಪೂರ್ತಿ ಭಾರಕ್ಕೆ ಇನ್ನೂ ದೂರವಿರುವಾಗಲೇ ಫಟ್ ಎಂದು ಕಪ್ಪು ಹೊಗೆ ಬಿಟ್ಟು ಸುಮ್ಮನಾಯಿತು. ಹೊರಗೆ ಥಳಕು, ಒಳಗೆ ಹುಳುಕು. “ಐನೂರು ಎಂದು ಬರೆದಿದೆ, ಮುನ್ನೂರು ಎಂದು ಓದಿಕೊಳ್ಳಿ,” ಎಂದು ಅವಳು ಬರೆದಳು. ಆ ಸಾಲು ಸುಲಭವಾಗಿ ಬಂತು. ಮುಂದಿನ ಸಾಲಿನಲ್ಲಿ ಅವನ ಅಂಗಡಿಯ ಹೆಸರು ಬರಬೇಕಿತ್ತು. ಕೈ ಓಡಲಿಲ್ಲ.

“ಒಂದು ಸಲ ಕೇಳ್ಕೊಂಡು ಬರ್ತೀನಿ,” ಎಂದಳು.

“ಸಂಜೆಯೊಳಗೆ ಪುಟ ಹೋಗಬೇಕು,” ಎಂದರು ಮೇಡಂ.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಎಲ್ಲರಿಗೂ ಹೀಗೆ ಸರಿ ಮಾಡಿಕೊಡುತ್ತಾನೆಯೇ? ಹೌದೆಂದರೆ ಅವನು ಒಳ್ಳೆಯ ವ್ಯಾಪಾರಿ, ಅವಳು ಹತ್ತರ ಜೊತೆ ಹನ್ನೊಂದನೆಯ ಗಿರಾಕಿ. ಇಲ್ಲವೆಂದರೆ ಅವನು ಕಳ್ಳ. ಇಲ್ಲವೆಂದರೆ... ಆ ಯೋಚನೆಯನ್ನು ಪೂರ್ತಿ ಮಾಡಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ತಡೆಯಲಾರದೆ ಇಳಿದು ನಡೆದೇ ಹೋದಳು.

ಡಬ್ಬಿಯನ್ನು ಗಲ್ಲಾದ ಮೇಲೆ ಇಟ್ಟು ಕೇಳಿದಳು. “ಇದನ್ನ ಬಿಚ್ಚಿದೋರು ಯಾರು?”

ಅವನ ಮುಖ ಬಿಳಿಚಿಕೊಂಡಿತು. “ಕೆಟ್ಟೋಯ್ತಾ? ಅಪ್ಪನಿಗೆ ಏನೂ ಆಗಿಲ್ಲ ತಾನೆ? ಶಾಕ್ ಏನಾದ್ರೂ...”

ಬಿಚ್ಚಿದ್ದು ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ನಾನಲ್ಲ ಎನ್ನಲಿಲ್ಲ. ಮೊದಲು ಕೇಳಿದ್ದು ಅಪ್ಪನನ್ನು. ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡು ಬಂದಿದ್ದ ಜಗಳವೆಲ್ಲ ಅವಳಿಗೆ ಮರೆತೇಹೋಯಿತು.

“ಅಪ್ಪ ಚೆನ್ನಾಗಿದ್ದಾರೆ. ಫ್ಯಾನ್ ಬದಲಾಯಿಸಿದ್ದೀರಿ. ಎರಡು ಕೆಪಾಸಿಟರ್ ಬದಲಾಯಿಸಿದ್ದೀರಿ. ಯಾಕೆ?”

ಅವನು ಅವಳನ್ನು ದಿಟ್ಟಿಸಿದ. “ನೀವು ಬಿಚ್ಚಿ ನೋಡಿದ್ರಾ? ಸ್ಕ್ರೂಡ್ರೈವರ್ ಯಾವುದು ಅಂತ ಕೇಳಿದ್ದು ನೀವೇ ಅಲ್ವಾ?”

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಪತ್ರಿಕೆ, ಪರೀಕ್ಷೆ, ಬಿಸಿ ಪೆಟ್ಟಿಗೆ, ಎದುರು ಅಂಗಡಿಯ ಡಬ್ಬಿ ಸುಟ್ಟದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತಾ ಬೆರಳಿನ ಕಲೆಯನ್ನೂ ಗಲ್ಲಾದ ಮೇಲೆ ಇಟ್ಟು ತೋರಿಸಿದಳು. ಅವನು ಸ್ಟೂಲಿನ ಮೇಲೆ ಕೂತುಕೊಂಡ.

“ಅಂದ್ರೆ ನಿಮ್ಮಪ್ಪ?”

“ಅಪ್ಪ ಇದ್ದಾರೆ. ಚೆಸ್ ಇಲ್ಲ. ಅವರು ಕಂಪ್ಯೂಟರ್ ಮುಟ್ಟಿದ್ದೇ ಇಲ್ಲ.”

ಅವನು ಗಲ್ಲಾದ ಮೇಲಿನ ಚೆಸ್ ಬೋರ್ಡಿನಿಂದ ಒಂಟೆಯನ್ನು ಎತ್ತಿಕೊಂಡ. ದನಿ ತಗ್ಗಿತ್ತು. “ಮೊದಲು ಒಂಟೆ ನಡೆಸೋಕೆ ಆಗಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಎದುರಿಗೆ ಕಾಲಾಳು ನಿಂತಿರ್ತಾನೆ. ವಯಸ್ಸಾದೋರು, ಮರೆತಿರಬೇಕು ಅಂದ್ಕೊಂಡೆ. ಪಾಪ ಅನ್ನಿಸ್ತು.” ಸ್ವಲ್ಪ ಬಿಟ್ಟು, “ಮೊದಲಿಂದ ಎಲ್ಲಾ ನಾಟಕಾನಾ?”

ಆ ಪ್ರಶ್ನೆಯ ಪೆಟ್ಟು ಅವಳಿಗೆ ಸರಿಯಾಗಿಯೇ ಬಿತ್ತು. “ಎಲ್ಲಾ ಅಲ್ಲ. ಆ ಕೇಬಲ್ ತಗೊಂಡೆನಲ್ಲ, ಅವತ್ತು ಪರೀಕ್ಷೆ ಎಲ್ಲಾ ಮುಗಿದಿತ್ತು. ನನಗೆ ಇಲ್ಲಿ ಏನೂ ಕೆಲಸ ಇರಲಿಲ್ಲ.”

“ಅದು ಇದಕ್ಕೆ ಹೊಂದೋದೇ ಇಲ್ಲ.”

“ಗೊತ್ತಾಯ್ತು. ಬಸ್ಸಲ್ಲಿ. ನಿಮಗೂ ಗೊತ್ತಿತ್ತಲ್ಲ, ಯಾಕೆ ಕೊಟ್ರಿ?”

“ವಾಪಸ್ ಕೊಡೋಕೆ ಬರ್ತೀರ ಅಂತ.”

ಅಕ್ಕ ಎದ್ದು, ಹಿಂದಿನ ಕೋಣೆಯಲ್ಲಿ ತುರ್ತಾಗಿ ಏನೋ ಹುಡುಕಬೇಕಾಗಿ ಬಂದವಳಂತೆ ಹೋದಳು. ಬಾಗಿಲು ಮಾತ್ರ ಅರ್ಧ ತೆರೆದೇ ಇತ್ತು.

ಇಷ್ಟೆಲ್ಲ ಆದ ಮೇಲೂ ಅವಳು ಕೇಳಲು ಬಂದದ್ದನ್ನು ಕೇಳಿರಲಿಲ್ಲ. “ಒಂದು ನಿಜ ಹೇಳಿ. ಇದನ್ನ ನಾನು ಬರೀಬೇಕು. ಎಲ್ಲರಿಗೂ ಹೀಗೆ ಬಿಚ್ಚಿ ಸರಿ ಮಾಡಿಕೊಡ್ತೀರಾ?”

“ಇಲ್ಲ.”

“ಮತ್ತೆ?”

“ನಿಮಗೆ ಮಾತ್ರ.” ಅವನು ತಲೆ ಎತ್ತಿ ನೇರವಾಗಿ ನೋಡಿದ. “ಅವತ್ತು ಸ್ಟಾಕ್ ಇತ್ತು. ಹಾಗೇ ಕೊಟ್ಟಿದ್ರೂ ನಿಮ್ಮ ಅಪ್ಪನ ಕೆಲಸಕ್ಕೆ ಸಾಕಾಗ್ತಿತ್ತು. ಆದ್ರೆ ಗೆಲ್ಲೋ ಹೊತ್ತಿಗೆ ಆಫ್ ಆಗುತ್ತೆ ಅಂದ್ರಲ್ಲ, ನನಗೆ ಮನಸ್ಸು ತಡೀಲಿಲ್ಲ. ನಿಮ್ಮ ಮನೇಲಿ ನಾನು ಕೊಟ್ಟ ಸಾಮಾನು ಕೆಡಬಾರದು ಅನ್ನಿಸ್ತು. ನಿಮ್ಮನ್ನ ಇನ್ನೊಂದು ಸಲ ನೋಡಬೇಕು ಅಂತಲೂ ಅನ್ನಿಸ್ತು. ಅದಕ್ಕೇ ನಾಳೆ ಬನ್ನಿ ಅಂದೆ.”

ಅವಳ ಕಣ್ಣು ತುಂಬಿಕೊಂಡಿತು, ಸಿಟ್ಟೂ ಬಂತು. ಇಂಥ ಮಾತನ್ನು ಯಾರಾದರೂ ಕೀಬೋರ್ಡ್‌ಗಳ ರಾಶಿಯ ನಡುವೆ ನಿಂತು ಹೇಳುತ್ತಾರೆಯೇ?

“ನೀವು ಬರೀರಿ,” ಎಂದ ಅವನು. “ಡಬ್ಬಿ ಕೆಟ್ಟದ್ದು ಅಂತಲೂ ಬರೀರಿ. ನಾನು ಮಾಡಿದ್ದನ್ನೂ ಬರೀರಿ, ಅಂಗಡಿ ಹೆಸರು ಹಾಕಿ. ಸುಳ್ಳಲ್ಲವಲ್ಲ.”

“ಅಂಗಡಿಗೆ ಕೆಟ್ಟ ಹೆಸರು ಬರುತ್ತೆ.”

“ಬರ್ಲಿ. ನೀವು ನನಗೋಸ್ಕರ ಒಂದು ಸುಳ್ಳು ಬರೆದ್ರೆ, ಆಮೇಲೆ ನಿಮಗೆ ನನ್ನ ಮುಖ ನೋಡೋಕೆ ಆಗಲ್ಲ.”

ಹೊರಟವಳು ಬಾಗಿಲಲ್ಲಿ ನಿಂತಳು. ತಿರುಗಿ ಬಂದು ಚೀಲದಿಂದ ಕೇಬಲ್ ತೆಗೆದು ಗಲ್ಲಾದ ಮೇಲೆ ಇಟ್ಟಳು. ಅವನ ಮುಖ ಬಾಡಿತು.

“ವಾಪಸ್ ಕೊಡ್ತಿದೀರಾ?”

“ಇಲ್ಲ. ಇಟ್ಕೊಂಡಿರಿ. ನಾಳೆ ಬಂದು ತಗೊಂಡು ಹೋಗ್ತೀನಿ. ನಾಳಿದ್ದು ಮತ್ತೆ ವಾಪಸ್ ಕೊಡ್ತೀನಿ.” ಕೇಬಲ್ಲನ್ನು ಅವನ ಕಡೆ ತಳ್ಳಿದಳು. “ನನಗೂ ನಿಮ್ಮನ್ನ ನೋಡದೆ ಇರೋಕೆ ಆಗ್ತಿಲ್ಲ.”

ಒಳಕೋಣೆಯಿಂದ ಅಕ್ಕನ ದನಿ ಬಂತು. “ಮೊದಲೇ ಹೇಳಿಬಿಟ್ಟಿದ್ದೀನಮ್ಮ, ಇವನ ಜೊತೆ ನಾನೂ ಅಂಟಿಕೊಂಡೇ ಬರೋದು. ಬಿಚ್ಚಿಡೋಕೆ ಆಗಲ್ಲ.”

ಸಂಜೆ ಪುಟ ಹೋಯಿತು. ತೀರ್ಪು ಹಾಗೆಯೇ ಇತ್ತು. ಕೊನೆಯಲ್ಲಿ ಅಂಗಡಿಯ ಹೆಸರೂ ಇತ್ತು, ಅದರ ಮುಂದೆ ಒಂದು ಸಾಲು: “ನಾವು ಯಾರೆಂದು ತಿಳಿಯದೆಯೇ, ಕೇವಲ ಕಾಳಜಿಯಿಂದ ಅಂಗಡಿಯವರು ಒಳಗಿನ ಭಾಗಗಳನ್ನು ಬದಲಿಸಿ ಕೊಟ್ಟಿದ್ದರಿಂದ, ಅಲ್ಲಿ ಕೊಂಡ ಡಬ್ಬಿಯನ್ನು ಪರೀಕ್ಷೆಗೆ ಪರಿಗಣಿಸಿಲ್ಲ.” ಮೇಡಂ ಆ ಸಾಲನ್ನು ಎರಡು ಸಲ ಓದಿ, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

“ಇನ್ಮೇಲೆ ಟೆಸ್ಟಿಗೆ ಅಂತ ಆ ಅಂಗಡಿಯಿಂದ ನೀನು ಏನೂ ತರೋ ಹಾಗಿಲ್ಲ.”

“ತರಲ್ಲ ಮೇಡಂ.”

“ಹೋಗೋದು ನಿನ್ನಿಷ್ಟ,” ಎಂದು ಪುಟಕ್ಕೆ ಸಹಿ ಹಾಕಿದರು.

ಭಾನುವಾರ ಅವನು ಮನೆಗೆ ಬಂದ. ಕಂಕುಳಲ್ಲಿ ಚೆಸ್ ಬೋರ್ಡ್, ಹಿಂದೆ ಅಕ್ಕ. ಮಗಳು ತನ್ನನ್ನು ದೊಡ್ಡ ಆಟಗಾರ ಮಾಡಿ ಕೂರಿಸಿದ ಕಥೆ ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇಷ್ಟೆಲ್ಲ ಹೆಸರು ಬಂದ ಮೇಲೆ ಕಲಿಯದಿದ್ದರೆ ಮರ್ಯಾದೆಯಲ್ಲ ಎಂದು ಕಿಟಕಿಯ ಬಳಿ ಕೂತರು. ಅವನಿಗೇ ಆಟ ಅರ್ಧಂಬರ್ಧ ಬರುತ್ತಿತ್ತು. ಗುರು ಶಿಷ್ಯರಿಬ್ಬರೂ ಸೇರಿ ಒಂದು ಕಾಯಿ ನಡೆಸಲು ತೆಗೆದುಕೊಂಡ ಹೊತ್ತಿನಲ್ಲಿ ಅಮ್ಮ, ಅಕ್ಕ ಎರಡು ಮನೆಯ ವಿಚಾರವನ್ನೂ ಮಾತಾಡಿ ಮುಗಿಸಿದ್ದರು.

“ಅಲ್ಲಪ್ಪ,” ಎಂದರು ಅಪ್ಪ, ಕುದುರೆಯನ್ನು ಎತ್ತಿ ಹಿಡಿದು. “ಎಲ್ಲಾ ನೆಟ್ಟಗೆ ಹೋಗ್ತವೆ. ಇದೊಂದು ಯಾಕೆ ಹೀಗೆ ಸುತ್ತಿ ಬಳಸಿ ಹೋಗುತ್ತೆ?”

“ಕೆಲವರು ಹಾಗೇ ಸಾರ್,” ಎಂದ ಅವನು. ಕಣ್ಣು ಮಾತ್ರ ಬೋರ್ಡನ್ನು ದಾಟಿ ಅವಳ ಕಡೆ ಬಂತು. “ಕೊನೆಗೆ ಬರಬೇಕಾದ ಮನೆಗೆ ಬಂದೇ ಬರ್ತಾರೆ.”

ಅವಳು ಮಂಚದ ಅಂಚಿನಲ್ಲಿ ಕೂತು ಅವರಿಬ್ಬರನ್ನೂ ನೋಡುತ್ತಿದ್ದಳು. ತುಂಬ ಹೊತ್ತಿನಿಂದ ಹಾಗೆಯೇ ಕೂತಿದ್ದಳು. ಕಾಫಿ ತಂದ ಅಮ್ಮ ಅವಳ ಬಲಗಾಲನ್ನೇ ನೋಡುತ್ತಾ ನಿಂತಳು.

“ಏನೇ,” ಎಂದಳು ಮೆಲ್ಲಗೆ, ಹಣೆ ಮುಟ್ಟಿ ನೋಡಿ. “ಕಾಲು ಅಲ್ಲಾಡಿಸೋದು ನಿಲ್ಲಿಸಿಬಿಟ್ಟಿದ್ದೀಯ. ಹುಷಾರಾಗಿದ್ದೀಯ ತಾನೆ?”